ಮನೆಯ ಕಂಪ್ಯೂಟರ್‌ಗಳ ನಡುವೆ ಫೈಲ್ ಕಾಪಿ ಯಾಕಿಷ್ಟು ನಿಧಾನ? ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ವೀಡಿಯೊ, ವರ್ಷಗಟ್ಟಲೆ ಕೂಡಿಟ್ಟ ಫೋಟೊ, ಹಳೇ ಲ್ಯಾಪ್‌ಟಾಪ್‌ನಿಂದ ಹೊಸದಕ್ಕೆ ಸಾಗಿಸಬೇಕಾದ ಕೆಲಸದ ಫೈಲ್‌ಗಳು. ಇವನ್ನು ಮನೆಯ ನೆಟ್‌ವರ್ಕ್ ಮೇಲೆ ಕಳಿಸಲು ಹೊರಟು, "ಇನ್ನೂ 7 ಗಂಟೆ ಬೇಕು" ಅಂತ ಕಂಡು ಕಂಗಾಲಾದವರು ಮಾತಿನಲ್ಲೂ ಪತ್ರದಲ್ಲೂ ಕೇಳಿದ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವರು ಮೊದಲು ಹೊಸ ರೂಟರ್ ಕೊಳ್ಳಲು ಹೋಗುತ್ತಾರೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಈ ಕಡೆಯ ಡಿಸ್ಕ್, ಕೇಬಲ್ ಅಥವಾ ವೈಫೈ, ರೂಟರ್, ಆ ಕಡೆಯ ಡಿಸ್ಕ್ ಇಷ್ಟನ್ನೂ ದಾಟಿ ಫೈಲ್ ಹೋಗಬೇಕು. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಅದರ ವೇಗವೇ ನಿಮಗೆ ಸಿಗುವ ವೇಗ. ಅದು ಯಾವುದು ಅಂತ ಮೊದಲು ಅಳೆಯಿರಿ, ಆಮೇಲೆ ದುಡ್ಡು ಖರ್ಚು ಮಾಡಿ.

## ಶುರುವಿನ ಪ್ರಶ್ನೆಗಳು

ರೂಟರ್ ಮೇಲೆ 100 ಎಂಬಿಪಿಎಸ್ ಅಂತ ಇದೆ. ಕಾಪಿ ಮಾಡಿದ್ರೆ 11 ಎಂಬಿ ಮಾತ್ರ ಬರುತ್ತೆ. ಇದು ಮೋಸ ಅಲ್ವಾ?

ಮೋಸ ಅಲ್ಲ, ಅಳತೆ ಬೇರೆ ಅಷ್ಟೇ. ನೆಟ್‌ವರ್ಕಿನ ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ (ಎಂಬಿಪಿಎಸ್) ಅಂತ ಹೇಳುತ್ತಾರೆ. ಕಾಪಿ ಮಾಡುವಾಗ ಕಂಪ್ಯೂಟರ್ ತೋರಿಸುವುದು ಮೆಗಾಬೈಟ್ (ಎಂಬಿ). 8 ಬಿಟ್ ಸೇರಿದರೆ 1 ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ಫೈಲಿನ ಜೊತೆ ವಿಳಾಸ, ತಪಾಸಣೆ ಅಂತ ಇನ್ನಷ್ಟು ಮಾಹಿತಿ ಹೋಗುವುದರಿಂದ ಕೈಗೆ ಸಿಗುವುದು ಸೆಕೆಂಡಿಗೆ 11ರಿಂದ 11.8 ಮೆಗಾಬೈಟ್. ಅಂದರೆ ನಿಮ್ಮ 100 ಮೆಗಾಬಿಟ್ ಸಂಪರ್ಕ ಪೂರ್ತಿ ವೇಗದಲ್ಲೇ ಓಡುತ್ತಿದೆ.

ಈ 11 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಗಿಗಾಬಿಟ್ (1000 ಮೆಗಾಬಿಟ್) ಸಂಪರ್ಕದಲ್ಲಿ 110ರ ಆಸುಪಾಸು ಬರಬೇಕು. ಗಿಗಾಬಿಟ್ ಅಂದುಕೊಂಡ ಕಡೆ ಕಾಪಿ ವೇಗದ ಗ್ರಾಫ್ 11ರ ಹತ್ತಿರ ಗೆರೆ ಎಳೆದಂತೆ ನಿಂತರೆ, ಎಲ್ಲೋ ಒಂದು ಕಡೆ ಸಂಪರ್ಕ 100ಕ್ಕೆ ಇಳಿದಿದೆ ಅಂತಲೇ ಅರ್ಥ.

ಇಂಟರ್ನೆಟ್ ಪ್ಲಾನ್ ಜಾಸ್ತಿ ಮಾಡಿಸಿದ್ರೆ ಸರಿಹೋಗುತ್ತಾ?

ಇಲ್ಲ. ಒಂದು ಕೋಣೆಯ ಕಂಪ್ಯೂಟರಿನಿಂದ ಇನ್ನೊಂದು ಕೋಣೆಯ ಕಂಪ್ಯೂಟರಿಗೆ ಹೋಗುವ ಫೈಲ್ ಮನೆಯ ಹೊರಗೆ ಹೋಗುವುದೇ ಇಲ್ಲ. ಹೊರಗಿನಿಂದ ಬರುವ ಫೈಬರ್ ಸಂಪರ್ಕ ಕಡಿದುಹೋದ ದಿನವೂ ಈ ಕಾಪಿ ನಡೆಯುತ್ತದೆ. ಫೈಲನ್ನು ಕ್ಲೌಡ್ ಡ್ರೈವ್‌ಗೆ ಹಾಕಿ ಇನ್ನೊಂದು ಕಡೆ ಇಳಿಸಿಕೊಳ್ಳುವ ಅಭ್ಯಾಸ ನಿಮಗಿದ್ದರೆ ಮಾತ್ರ ಪ್ಲಾನ್ ಮುಖ್ಯವಾಗುತ್ತದೆ. ಆದರೆ ಪಕ್ಕದ ಕೋಣೆಗೆ ಕಳಿಸಲು ಅಷ್ಟು ದೂರ ಸುತ್ತಿಸುವುದು ಬೇಡ.

ಎಷ್ಟು ವೇಗ ಬಂದ್ರೆ ಸರಿ ಅಂತ ಅಂದ್ಕೋಬೇಕು?

ಅಂದಾಜಿಗೆ ಹೀಗೆ. ಒಂದು ತುದಿಗೆ ಕೇಬಲ್, ಇನ್ನೊಂದು ತುದಿಗೆ ಹಳೇ 2.4 ಗಿಗಾಹರ್ಟ್ಸ್ ವೈಫೈ ಇದ್ದರೆ ಸೆಕೆಂಡಿಗೆ 5ರಿಂದ 10 ಮೆಗಾಬೈಟ್. ಅದೇ 5 ಗಿಗಾಹರ್ಟ್ಸ್ ವೈಫೈ ಆಗಿದ್ದು ರೂಟರ್ ಹತ್ತಿರ ಕೂತಿದ್ದರೆ 40ರಿಂದ 60. ಎರಡೂ ಕಡೆ ಗಿಗಾಬಿಟ್ ಕೇಬಲ್ ಇದ್ದರೆ 110.

100 ಗಿಗಾಬೈಟ್ ಫೋಟೊ, ವೀಡಿಯೊ ಸಾಗಿಸಬೇಕು ಅಂದುಕೊಳ್ಳಿ. ಸೆಕೆಂಡಿಗೆ 4 ಮೆಗಾಬೈಟ್ ಆದರೆ 7 ಗಂಟೆ ಹಿಡಿಯುತ್ತದೆ. 11 ಆದರೆ ಎರಡೂವರೆ ಗಂಟೆ. 110 ಆದರೆ ಕಾಲು ಗಂಟೆ. ಆ ಕಾಲು ಗಂಟೆಗಾಗಿಯೇ ಇಷ್ಟೆಲ್ಲ ಹೇಳುತ್ತಿರುವುದು.

ವಿಂಡೋಸ್‌ನಲ್ಲಿ ಕಾಪಿ ಕಿಟಕಿಯ ಕೆಳಗೆ "ಹೆಚ್ಚಿನ ವಿವರ" ಒತ್ತಿದರೆ ಹಸಿರು ಗ್ರಾಫ್ ಬರುತ್ತದೆ. ಅಂಕಿಗಿಂತ ಅದರ ಆಕಾರ ಹೆಚ್ಚು ಹೇಳುತ್ತದೆ. ನೇರ ಗೆರೆಯಾಗಿದ್ದರೆ ಕೇಬಲ್ ಅಥವಾ ಪೋರ್ಟಿನ ಮಿತಿ. ಏರಿಳಿತ ಜಾಸ್ತಿ ಇದ್ದರೆ ವೈಫೈ ಅಥವಾ ಡಿಸ್ಕ್. ನೆಲಕ್ಕೆ ಅಂಟಿಕೊಂಡು ಆಗೊಮ್ಮೆ ಈಗೊಮ್ಮೆ ಮೇಲೆ ಹಾರಿದರೆ ಚಿಕ್ಕ ಚಿಕ್ಕ ಫೈಲ್‌ಗಳ ಸಮಸ್ಯೆ.

ಎರಡೂ ಲ್ಯಾಪ್‌ಟಾಪ್ ರೂಟರ್ ಪಕ್ಕದಲ್ಲೇ ಇವೆ, ಸಿಗ್ನಲ್ ಫುಲ್ ಇದೆ. ಆದ್ರೂ ಯಾಕೆ ಹೀಗೆ?

ಎರಡೂ ವೈಫೈನಲ್ಲಿರುವುದೇ ಕಾರಣ. ಮೊದಲ ಲ್ಯಾಪ್‌ಟಾಪ್ ರೂಟರಿಗೆ ಕಳಿಸಬೇಕು. ಆಮೇಲೆ ರೂಟರ್ ಅದನ್ನೇ ಎರಡನೆಯದಕ್ಕೆ ಕಳಿಸಬೇಕು. ಒಂದೇ ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಹಾಗಾಗಿ ಪ್ರತಿ ತುಣುಕೂ ಗಾಳಿಯಲ್ಲಿ ಎರಡು ಸಲ ಹೋಗಿ ವೇಗ ಅರ್ಧಕ್ಕೆ ಇಳಿಯುತ್ತದೆ.

ಒಂದು ಲ್ಯಾಪ್‌ಟಾಪನ್ನು ಮಾತ್ರ ಕೇಬಲ್ ಹಾಕಿ ರೂಟರಿಗೆ ಸೇರಿಸಿ. ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಬಾಕ್ಸಿನಲ್ಲಿ ಬಂದ ಒಂದು ಮೀಟರ್ ಕೇಬಲ್ ಸಾಕು. ಈ ಪುಟದಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ.

ಇನ್ನೊಂದು ವಿಷಯ. ವೈಫೈ ವಿವರದಲ್ಲಿ ಕಾಣುವ 866 ಮೆಗಾಬಿಟ್ ಅಂಥ ಅಂಕಿ ರೇಡಿಯೊ ಮಟ್ಟದ ವೇಗ. ಫೈಲಿಗೆ ಸಿಗುವುದು ಅದರ ಅರ್ಧ, ಅದೃಷ್ಟವಿದ್ದರೆ ಸ್ವಲ್ಪ ಮೇಲೆ.

## ಕೇಬಲ್ ಮತ್ತು ಪೋರ್ಟ್

ಗಿಗಾಬಿಟ್ ರೂಟರ್ ತಂದೆ, ಎರಡೂ ಕಡೆ ಕೇಬಲ್ ಹಾಕಿದೆ. ಆದ್ರೂ 11 ದಾಟ್ತಾನೇ ಇಲ್ಲ. ಎಲ್ಲಿ ತಪ್ಪಾಗಿದೆ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಉತ್ತರ ಬಹಳ ಸಲ ಪ್ಲಗ್ಗಿನೊಳಗೇ ಇರುತ್ತದೆ.

ನೆಟ್‌ವರ್ಕ್ ಕೇಬಲಿನಲ್ಲಿ 8 ತಂತಿ, ಅಂದರೆ 4 ಜೋಡಿ ಇರುತ್ತವೆ. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು: 1, 2, 3 ಮತ್ತು 6ನೇ ಪಿನ್. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕೇ ಬೇಕು. ಒಂದು ತಂತಿ ತುಂಡಾಗಿದ್ದರೂ, ಒಂದು ಪಿನ್ ಸರಿಯಾಗಿ ಕಚ್ಚದಿದ್ದರೂ ಎರಡೂ ತುದಿಗಳು ಮಾತಾಡಿಕೊಂಡು 100ಕ್ಕೆ ಇಳಿದುಬಿಡುತ್ತವೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಇಂಟರ್ನೆಟ್ ಎಂದಿನಂತೆ ನಡೆಯುತ್ತದೆ. ಅದಕ್ಕೇ ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ.

ಪ್ಲಗ್ಗನ್ನು ಕೈಗೆ ತೆಗೆದುಕೊಳ್ಳಿ. ಕ್ಲಿಪ್ ಆ ಕಡೆಗೆ, ಕೇಬಲ್ ಕೆಳಗೆ ಇರುವಂತೆ ಹಿಡಿದು ಬೆಳಕಿಗೆ ಒಡ್ಡಿ. ಪಾರದರ್ಶಕ ಪ್ಲಾಸ್ಟಿಕ್ ಒಳಗೆ ಎಡದಿಂದ ಬಲಕ್ಕೆ ಸಾಮಾನ್ಯವಾಗಿ ಈ ಬಣ್ಣಗಳು ಕಾಣಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟೂ ತಂತಿಗಳ ತುದಿ ಮುಂದಿನ ಗೋಡೆಗೆ ತಾಗಿರಬೇಕು. ನೀಲಿ, ಕಂದು ಕಾಣಿಸದಿದ್ದರೆ ಬೇಗ ಕೆಲಸ ಮುಗಿಸಲು ಯಾರೋ ನಾಲ್ಕೇ ತಂತಿ ಸೇರಿಸಿದ್ದಾರೆ. ಉಳಿದ ನಾಲ್ಕನ್ನು ಹಿಂದಕ್ಕೆ ಮಡಚಿ ಕತ್ತರಿಸಿರುತ್ತಾರೆ. ಒಂದು ಅಪಾರ್ಟ್‌ಮೆಂಟಿನಲ್ಲಂತೂ ಗೋಡೆಯೊಳಗಿನ ಒಂದೇ ಕೇಬಲನ್ನು ಸೀಳಿ, ನಾಲ್ಕು ತಂತಿ ಇಂಟರ್ನೆಟ್ಟಿಗೆ, ಎರಡು ಇಂಟರ್‌ಕಾಮಿಗೆ ಕೊಟ್ಟಿದ್ದನ್ನು ಕಂಡಿದ್ದೇನೆ. ಅಂಥ ಕಡೆ ಎಷ್ಟು ದುಬಾರಿ ರೂಟರ್ ತಂದರೂ ಅಷ್ಟೇ.

ಕಂಪ್ಯೂಟರ್ ಏನು ಹೇಳುತ್ತದೆ ಅಂತಲೂ ನೋಡಿ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಈಥರ್ನೆಟ್ ತೆರೆದರೆ ಲಿಂಕ್ ಸ್ಪೀಡ್ ಎಂಬ ಸಾಲು ಇರುತ್ತದೆ. ಅಲ್ಲಿ 1000/1000 ಇರಬೇಕು. 100/100 ಇದ್ದರೆ ಬೇರೆ ಕೇಬಲ್ ಹಾಕಿ ನೋಡಿ. ಆಗಲೂ ಬದಲಾಗದಿದ್ದರೆ ರೂಟರಿನ ಬೇರೆ ಪೋರ್ಟಿಗೆ ಹಾಕಿ. ಇಂಟರ್ನೆಟ್ ಕಂಪನಿಯವರು ಕೊಡುವ ಎಷ್ಟೋ ಡಬ್ಬಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100. ಜಿಇ ಅಂತ ಬರೆದಿದ್ದರೆ ಗಿಗಾಬಿಟ್, ಎಫ್‌ಇ ಅಂತ ಇದ್ದರೆ 100. ನಿಮ್ಮ ಡಬ್ಬದ ಕಥೆ ಹಾಗಿದ್ದರೆ ರೂಟರ್ ಬದಲಿಸುವುದು ಬೇಡ. ಐದು ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್ (ಹಲವು ಕೇಬಲ್‌ಗಳನ್ನು ಒಂದೆಡೆ ಸೇರಿಸುವ ಡಬ್ಬ) ತಂದು ಎರಡೂ ಕಂಪ್ಯೂಟರನ್ನು ಅದಕ್ಕೇ ಸೇರಿಸಿ. ಆ ಸ್ವಿಚ್ಚಿನಿಂದ ರೂಟರಿಗೆ ಒಂದು ಕೇಬಲ್ ಹೋದರೆ ಆಯಿತು. ಎರಡು ಕಂಪ್ಯೂಟರ್‌ಗಳ ನಡುವಿನ ಫೈಲ್ ಆಮೇಲೆ ರೂಟರ್ ಕಡೆ ಹೋಗುವುದೇ ಇಲ್ಲ.

ಕೇಬಲ್ ಮೇಲೆ ಕ್ಯಾಟ್ 6 ಅಂತ ಬರೆದಿದೆ, ಅಂದ್ರೆ ಒಳ್ಳೇದೇ ಅಲ್ವಾ?

ಕ್ಯಾಟ್ ಅಂದರೆ ಕೇಬಲಿನ ದರ್ಜೆ. ಆದರೆ ಬರೆದಿದ್ದನ್ನಷ್ಟೇ ನೋಡಿ ನಂಬಬೇಡಿ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಇರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಒಂದು ತಂತಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. ಅದು ಬಾಗಿಸಿದಾಗ ಬೇಗ ಮುರಿಯುತ್ತದೆ, ಉದ್ದ ಹೆಚ್ಚಾದಂತೆ ಸಿಗ್ನಲ್ ಜಾಸ್ತಿ ಕಳೆದುಕೊಳ್ಳುತ್ತದೆ. ಗಿಗಾಬಿಟ್‌ಗೆ ಅಪ್ಪಟ ತಾಮ್ರದ ಕ್ಯಾಟ್ 5ಇ ಸಾಕು, 100 ಮೀಟರ್‌ವರೆಗೂ. ಕ್ಯಾಟ್ 7, ಕ್ಯಾಟ್ 8 ಅಂತ ಮಾರುವುದಕ್ಕೆ ಮನೆಯಲ್ಲಿ ದುಡ್ಡು ಸುರಿಯಬೇಕಿಲ್ಲ.

ಹೊಸ ಲ್ಯಾಪ್‌ಟಾಪಿಗೆ ಲ್ಯಾನ್ ಪೋರ್ಟೇ ಇಲ್ಲ. ಏನ್ ಮಾಡ್ಲಿ?

ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಕೊಳ್ಳಿ. ಯುಎಸ್‌ಬಿ 3 ಮತ್ತು ಗಿಗಾಬಿಟ್ ಎರಡೂ ಬರೆದಿರುವುದನ್ನೇ ಆರಿಸಿ. ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವುದು ಹೆಚ್ಚಾಗಿ ಯುಎಸ್‌ಬಿ 2ರ, 100 ಮೆಗಾಬಿಟ್‌ನ ಅಡಾಪ್ಟರ್. ಕೊಂಡ ಮೇಲೆ ಲ್ಯಾಪ್‌ಟಾಪಿನ ಯುಎಸ್‌ಬಿ 3 ಕಿಂಡಿಗೇ ಹಾಕಿ.

ರೂಟರೇ ಇಲ್ಲದೆ ಎರಡು ಕಂಪ್ಯೂಟರಿಗೆ ನೇರ ಕೇಬಲ್ ಹಾಕ್ಬಹುದಾ?

ಧಾರಾಳವಾಗಿ. ಒಂದೇ ಸಲ ಭಾರಿ ಪ್ರಮಾಣದಲ್ಲಿ ಸಾಗಿಸಬೇಕಿದ್ದರೆ ನಾನು ಹೇಳುವುದೂ ಅದನ್ನೇ. ಹಿಂದೆ ಇದಕ್ಕೆ ಒಂದು ತುದಿಯಲ್ಲಿ ತಂತಿ ಜೋಡಿಗಳನ್ನು ಅದಲುಬದಲು ಮಾಡಿದ ಕ್ರಾಸ್‌ಓವರ್ ಕೇಬಲ್ ಬೇಕಿತ್ತು. ಗಿಗಾಬಿಟ್ ಪೋರ್ಟ್‌ಗಳು ಆ ಅದಲುಬದಲನ್ನು ತಾವೇ ಮಾಡಿಕೊಳ್ಳುತ್ತವೆ, ಸಾಮಾನ್ಯ ಕೇಬಲ್ ಸಾಕು. ಸ್ವಲ್ಪ ಕಾದರೆ ಎರಡೂ ಕಂಪ್ಯೂಟರ್ 169.254 ಅಂತ ಶುರುವಾಗುವ ವಿಳಾಸವನ್ನು ತಾವೇ ಕೊಟ್ಟುಕೊಳ್ಳುತ್ತವೆ. ಆ ವಿಳಾಸ ಹಾಕಿಯೇ ಹಂಚಿಕೊಂಡ ಫೋಲ್ಡರ್ ತೆರೆಯಿರಿ. ಸುಮ್ನೆ ಕಂಪ್ಯೂಟರಿನ ಹೆಸರು ಹಾಕಿದರೆ ಕೆಲವೊಮ್ಮೆ ಕಾಪಿ ಕೇಬಲ್ ಬಿಟ್ಟು ವೈಫೈ ಮೇಲೆಯೇ ಹೋಗುತ್ತದೆ. ಅನುಮಾನ ಬಂದರೆ ಕೆಲಸ ಮುಗಿಯುವವರೆಗೆ ವೈಫೈ ಆಫ್ ಮಾಡಿಡಿ.

## ವೈಫೈ ಬಿಟ್ಟು ಬೇರೆ ದಾರಿ ಇಲ್ಲದವರಿಗೆ

ಮಹಡಿ ಮೇಲೆ ರಿಪೀಟರ್ ಹಾಕಿದ್ವಿ. ಸಿಗ್ನಲ್ ಜಾಸ್ತಿ ಆಯ್ತು, ವೇಗ ಕಮ್ಮಿ ಆಯ್ತು. ಹೇಗೆ ಸಾಧ್ಯ?

ರಿಪೀಟರ್ ಕೇಳಿಸಿಕೊಂಡದ್ದನ್ನೇ ಮತ್ತೆ ಹೇಳುತ್ತದೆ. ಕೇಳಲಿಕ್ಕೂ ಹೇಳಲಿಕ್ಕೂ ಒಂದೇ ಚಾನೆಲ್ ಬಳಸಿದರೆ ವೇಗ ಅರ್ಧವಾಗುತ್ತದೆ. ಪರದೆಯಲ್ಲಿ ಕಾಣುವ ಕಡ್ಡಿಗಳು ತೋರಿಸುವುದು ಲ್ಯಾಪ್‌ಟಾಪ್ ಮತ್ತು ರಿಪೀಟರ್ ನಡುವಿನ ಸಿಗ್ನಲ್. ರಿಪೀಟರಿನಿಂದ ಕೆಳಗಿನ ರೂಟರಿಗೆ ಆರ್‌ಸಿಸಿ ಛಾವಣಿ ದಾಟಿ ಎಷ್ಟು ಸಿಗುತ್ತಿದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಸಾಧ್ಯವಾದರೆ ಮೇಲಕ್ಕೆ ಒಂದು ಕೇಬಲ್ ಎಳೆಸಿ, ಅಲ್ಲಿ ಆಕ್ಸೆಸ್ ಪಾಯಿಂಟ್ (ಕೇಬಲಿನ ಸಂಪರ್ಕವನ್ನು ವೈಫೈ ಆಗಿ ಹರಡುವ ಡಬ್ಬ) ಇಡಿ. ಆಗದಿದ್ದರೆ ರಿಪೀಟರನ್ನು ಮೆಟ್ಟಿಲ ಹತ್ತಿರ, ರೂಟರ್ ಕಡೆಗೆ ಸರಿಸಿ.

ಬೆಳಗ್ಗೆ ಚೆನ್ನಾಗಿರುತ್ತೆ, ರಾತ್ರಿ ಎಂಟರ ಮೇಲೆ ಏಳೋದೇ ಇಲ್ಲ.

ಅಕ್ಕಪಕ್ಕದ ಮನೆಯವರೆಲ್ಲ ಆಗ ವೈಫೈ ಬಳಸುತ್ತಿರುತ್ತಾರೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದೇ ಮೂರು: 1, 6, 11. ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ರೂಟರ್ ಆ ಮೂರನ್ನೇ ಹಂಚಿಕೊಳ್ಳಬೇಕು. ಮೈಕ್ರೋವೇವ್ ಒಲೆ, ಬ್ಲೂಟೂತ್ ಕೂಡ ಅದೇ ಜಾಗದವು. 5 ಗಿಗಾಹರ್ಟ್ಸ್‌ಗೆ ಹೋಗಿ. ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ರೂಟರ್ ಸೆಟ್ಟಿಂಗ್ಸ್‌ನಲ್ಲಿ ಬೇರೆ ಬೇರೆ ಹೆಸರು ಕೊಡಿ. ಆಗ ಲ್ಯಾಪ್‌ಟಾಪ್ ಯಾವುದರಲ್ಲಿದೆ ಅಂತ ನಿಮಗೇ ಗೊತ್ತಾಗುತ್ತದೆ.

## ಡಿಸ್ಕ್ ಮತ್ತು ಫೈಲ್

ಒಂದು ಸಿನಿಮಾ ಕ್ಷಣದಲ್ಲಿ ಹೋಗುತ್ತೆ. ಅಷ್ಟೇ ಗಾತ್ರದ ಫೋಟೊ ಫೋಲ್ಡರ್ ಮಾತ್ರ ಮುಗಿಯೋದೇ ಇಲ್ಲ. ಯಾಕೆ?

ಒಂದು ಮೂಟೆ ಅಕ್ಕಿಯನ್ನು ಒಂದೇ ಸಲ ಹೊತ್ತು ತರುವುದಕ್ಕೂ, ಅದನ್ನೇ ಪಾವು ಪಾವಾಗಿ ಅಂಗಡಿಗೆ ಹೋಗಿ ತರುವುದಕ್ಕೂ ಇರುವ ವ್ಯತ್ಯಾಸ ಇದು. ಪ್ರತಿ ಫೈಲಿಗೂ ಹೆಸರು ದಾಖಲಿಸಬೇಕು, ತೆರೆಯಬೇಕು, ಬರೆಯಬೇಕು, ದಿನಾಂಕ ಹಾಕಬೇಕು, ಮುಚ್ಚಬೇಕು. ಒಂದೊಂದಕ್ಕೂ ಆ ಕಡೆಯಿಂದ ಉತ್ತರ ಬರುವವರೆಗೆ ಕಾಯಬೇಕು. ಒಂದು ಫೈಲಿಗೆ ಇಂಥ 8 ಓಡಾಟ, ಪ್ರತಿ ಓಡಾಟಕ್ಕೆ ವೈಫೈನಲ್ಲಿ 3 ಮಿಲಿಸೆಕೆಂಡ್ ಅಂತ ಲೆಕ್ಕ ಹಾಕಿ. 50,000 ಫೈಲ್ ಇದ್ದರೆ ಬರೀ ಕಾಯುವುದಕ್ಕೇ 20 ನಿಮಿಷ. ಜೊತೆಗೆ ಆಂಟಿವೈರಸ್ ಪ್ರತಿ ಫೈಲನ್ನೂ ತೆರೆದು ನೋಡುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಅದರ ಮುಳ್ಳು ಪ್ರತಿ ಫೈಲಿಗೂ ಅಲ್ಲಿಂದಿಲ್ಲಿಗೆ ಓಡಬೇಕು.

ಪರಿಹಾರ ಸುಲಭ. ಫೋಲ್ಡರನ್ನು ಜಿಪ್ ಮಾಡಿ ಒಂದೇ ಫೈಲಾಗಿ ಕಳಿಸಿ. ಫೋಟೊ, ವೀಡಿಯೊ ಮೊದಲೇ ಕುಗ್ಗಿರುತ್ತವೆ. ಹಾಗಾಗಿ ಜಿಪ್ ಮಾಡುವಾಗ ಕುಗ್ಗಿಸದೆ ಬರೀ ಜೋಡಿಸುವ ಆಯ್ಕೆ ಇಟ್ಟುಕೊಳ್ಳಿ, ಸಮಯ ಉಳಿಯುತ್ತದೆ. ಜಿಪ್ ಮಾಡಲು ಡಿಸ್ಕಿನಲ್ಲಿ ಜಾಗ ಇಲ್ಲದಿದ್ದರೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಎಂಬ ಕಮಾಂಡ್ ಬಳಸಿ. ಅದರ ಎಂಟಿ (/MT) ಎಂಬ ಆಯ್ಕೆ ಹಾಕಿದರೆ ಒಂದೇ ಹೊತ್ತಿಗೆ 8 ಫೈಲ್ ಸಾಗುತ್ತವೆ, ಬೇಕಿದ್ದರೆ 128ರವರೆಗೂ ಏರಿಸಬಹುದು. ಮಧ್ಯೆ ಕರೆಂಟ್ ಹೋದರೆ ಮತ್ತೆ ಓಡಿಸಿ. ಆಗಲೇ ಹೋಗಿರುವ ಫೈಲನ್ನು ಅದು ಬಿಟ್ಟು ಮುಂದಕ್ಕೆ ಹೋಗುತ್ತದೆ. ಈ ಒಂದು ಗುಣಕ್ಕಾಗಿಯೇ ನನಗೆ ಅದು ಇಷ್ಟ.

ಶುರುವಲ್ಲಿ 110 ಇರುತ್ತೆ. ಸ್ವಲ್ಪ ಹೊತ್ತಾದ್ಮೇಲೆ 20ಕ್ಕೆ ಬಿದ್ದುಹೋಗುತ್ತೆ.

ನೆಟ್‌ವರ್ಕ್ ಚೆನ್ನಾಗಿದೆ. ಬರೆದುಕೊಳ್ಳುವ ಕಡೆಯ ಡಿಸ್ಕ್ ಸುಸ್ತಾಗಿದೆ. ಮೊದಲ ಕೆಲವು ಗಿಗಾಬೈಟ್ ಆ ಕಂಪ್ಯೂಟರಿನ ಮೆಮೊರಿಯಲ್ಲಿ ಕೂತಿರುತ್ತದೆ, ಅದು ತುಂಬಿದ ಮೇಲೆ ಡಿಸ್ಕಿನ ನಿಜವಾದ ವೇಗ ಹೊರಬೀಳುತ್ತದೆ. ಅಗ್ಗದ ಎಸ್‌ಎಸ್‌ಡಿಗಳಲ್ಲೂ (ತಿರುಗುವ ಭಾಗವಿಲ್ಲದ ಡಿಸ್ಕ್) ವೇಗದ ಭಾಗ ಸ್ವಲ್ಪವೇ ಇರುತ್ತದೆ. ಅದು ಭರ್ತಿಯಾದರೆ ಕೆಲವು ಎಸ್‌ಎಸ್‌ಡಿ ಹಳೇ ಹಾರ್ಡ್ ಡಿಸ್ಕಿಗಿಂತಲೂ ನಿಧಾನವಾಗುತ್ತವೆ. ಡಿಸ್ಕ್ ಮುಕ್ಕಾಲಿಗಿಂತ ಹೆಚ್ಚು ತುಂಬಿದ್ದರೆ ಇದು ಇನ್ನೂ ಬೇಗ ಆಗುತ್ತದೆ.

ಆ ಕಡೆಯ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಸಾಲು ನೋಡಿ. ಡಿಸ್ಕ್ 100%ನಲ್ಲಿದ್ದು ನೆಟ್‌ವರ್ಕ್ ಖಾಲಿ ಇದ್ದರೆ ಕಾರಣ ಸ್ಪಷ್ಟ. ಜಾಗ ಖಾಲಿ ಮಾಡಿ. ಮತ್ತೆ, ತಿರುಗುವ ಡಿಸ್ಕಿಗೆ ಎರಡು ಮೂರು ಕಾಪಿಯನ್ನು ಒಟ್ಟಿಗೆ ಬಿಡಬೇಡಿ. ಒಂದಾದ ಮೇಲೆ ಒಂದು ಮಾಡಿದರೆ ಒಟ್ಟು ಸಮಯ ಕಮ್ಮಿಯಾಗುತ್ತದೆ.

ರೂಟರ್ ಹಿಂದಿನ ಯುಎಸ್‌ಬಿಗೆ ಹಾರ್ಡ್ ಡಿಸ್ಕ್ ಹಾಕಿದೀನಿ. ಅದು ಯಾಕೆ ಅಷ್ಟು ನಿಧಾನ?

ರೂಟರಿನ ಪುಟ್ಟ ಪ್ರೊಸೆಸರ್ ಆ ಕೆಲಸಕ್ಕೆ ಮಾಡಿದ್ದಲ್ಲ. ಅಪರೂಪಕ್ಕೆ ಹಾಡು ಕೇಳಲು, ಸಿನಿಮಾ ನೋಡಲು ಸರಿ. ದೊಡ್ಡ ಕಾಪಿಗೆ ಡಿಸ್ಕನ್ನು ಕಂಪ್ಯೂಟರಿಗೇ ಹಾಕಿ. ಹಳೇ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸುವವರಿಗೂ ಒಂದು ಮಾತು. ಪೈ 3ರ ಪೋರ್ಟ್ 100 ಮೆಗಾಬಿಟ್ ಮಾತ್ರ. 3ಬಿ+ನಲ್ಲಿ ಗಿಗಾಬಿಟ್ ಅಂತ ಇದ್ದರೂ ಒಳಗೆ ಯುಎಸ್‌ಬಿ 2ರ ಮೂಲಕ ಹೋಗುವುದರಿಂದ 300 ಮೆಗಾಬಿಟ್ ಸುತ್ತ ನಿಲ್ಲುತ್ತದೆ. 2019ರಲ್ಲಿ ಬಂದ ಪೈ 4ರಿಂದ ಮುಂದೆ ನಿಜವಾದ ಗಿಗಾಬಿಟ್ ಸಿಗುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ತಪ್ಪು ನೆಟ್‌ವರ್ಕಿನದೋ ಡಿಸ್ಕಿನದೋ ಅಂತ ಖಚಿತವಾಗಿ ತಿಳಿಯೋದು ಹೇಗೆ?

ಐಪರ್ಫ್3 ಎಂಬ ಉಚಿತ ಸಾಧನ ಬಳಸಿ. ಅದು ಡಿಸ್ಕನ್ನು ಮುಟ್ಟದೆ ಮೆಮೊರಿಯಿಂದ ಮೆಮೊರಿಗೆ ಮಾಹಿತಿ ಕಳಿಸಿ ದಾರಿಯನ್ನಷ್ಟೇ ಅಳೆಯುತ್ತದೆ. ಒಂದು ಕಂಪ್ಯೂಟರಿನಲ್ಲಿ ಸರ್ವರ್ ಆಗಿ ಓಡಿಸಿ, ಇನ್ನೊಂದರಲ್ಲಿ ಅದರ ವಿಳಾಸ ಕೊಟ್ಟು ಕ್ಲೈಂಟ್ ಆಗಿ ಓಡಿಸಿ. ಫೈರ್‌ವಾಲ್ ಅನುಮತಿ ಕೇಳಿದರೆ ಕೊಡಿ, ಅದು ಬಳಸುವುದು 5201ನೇ ಪೋರ್ಟ್. ಗಿಗಾಬಿಟ್ ಕೇಬಲಿನಲ್ಲಿ 940 ಮೆಗಾಬಿಟ್ ಹತ್ತಿರ ಬಂದರೆ ನೆಟ್‌ವರ್ಕ್ ನಿರಪರಾಧಿ. ಡಿಸ್ಕ್, ಆಂಟಿವೈರಸ್, ಫೈಲ್ ಹಂಚಿಕೆಯ ಸೆಟ್ಟಿಂಗ್ ಕಡೆ ನೋಡಿ. 94 ಬಂದರೆ ಎಲ್ಲೋ 100 ಮೆಗಾಬಿಟ್‌ನ ತಡೆ ಇದೆ. ಇವೆರಡೂ ಅಲ್ಲದೆ 300, 500 ಅಂತ ಓಲಾಡಿದರೆ ಅಡಾಪ್ಟರ್, ಡ್ರೈವರ್ ಅಥವಾ ವೈಫೈ.

ಈ ಕಡೆಯಿಂದ ಆ ಕಡೆಗೆ ಚೆನ್ನಾಗಿ ಹೋಗುತ್ತೆ. ವಾಪಸ್ ಬರೋವಾಗ ಮಾತ್ರ ಆಮೆ.

ಐಪರ್ಫ್3ರಲ್ಲಿ ದಿಕ್ಕು ತಿರುಗಿಸುವ ಆಯ್ಕೆ ಇದೆ, ಎರಡೂ ಕಡೆಗೆ ಅಳೆಯಿರಿ. ಅಲ್ಲಿ ಎರಡೂ ಸಮ ಇದ್ದರೆ ಒಂದು ಡಿಸ್ಕ್ ಬರೆಯುವುದರಲ್ಲಿ ನಿಧಾನ, ಅಷ್ಟೇ. ಅಲ್ಲೂ ಒಂದು ದಿಕ್ಕು ಸೋತರೆ ಡ್ಯುಪ್ಲೆಕ್ಸ್ ಹೊಂದಾಣಿಕೆ ನೋಡಿ: ಎರಡೂ ತುದಿ ಒಂದೇ ಹೊತ್ತಿಗೆ ಮಾತಾಡಿದರೆ ಫುಲ್ ಡ್ಯುಪ್ಲೆಕ್ಸ್, ಸರದಿಯಲ್ಲಿ ಮಾತಾಡಿದರೆ ಹಾಫ್. ಯಾರೋ ಒಂದು ಕಡೆ ಅಡಾಪ್ಟರ್ ಸೆಟ್ಟಿಂಗನ್ನು "100 ಫುಲ್ ಡ್ಯುಪ್ಲೆಕ್ಸ್" ಅಂತ ಗಟ್ಟಿ ಮಾಡಿ, ಇನ್ನೊಂದು ಕಡೆ ಆಟೊ ಬಿಟ್ಟಿದ್ದರೆ, ಆಟೊ ಇರುವ ತುದಿ ಹಾಫ್ ಡ್ಯುಪ್ಲೆಕ್ಸ್‌ಗೆ ಇಳಿಯುತ್ತದೆ. ಒಂದು ತುದಿ ಮಾತಾಡುತ್ತಲೇ ಇರುತ್ತದೆ, ಇನ್ನೊಂದು ಅದನ್ನು ಡಿಕ್ಕಿ ಅಂದುಕೊಂಡು ಹಿಂದೆ ಸರಿಯುತ್ತದೆ. ಎರಡೂ ಕಡೆ ಆಟೊ ಇಡಿ. ವೇಗ ಹೆಚ್ಚಿಸುವ ಉಪಾಯ ಅಂತ ಯಾರಾದರೂ ಇದನ್ನು ಬದಲಿಸಲು ಹೇಳಿದರೆ ಕೇಳಬೇಡಿ.

ವಿಂಡೋಸ್ 11 ಅಪ್‌ಡೇಟ್ ಆದ್ಮೇಲೆ ಹಳೇ ನಾಸ್ (ನೆಟ್‌ವರ್ಕಿಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆ) ನಿಧಾನ ಆಗಿದೆ, ಒಮ್ಮೊಮ್ಮೆ ತೆರೆಯೋದೂ ಇಲ್ಲ.

2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ವಿಂಡೋಸ್‌ಗಳು ಎಸ್‌ಎಂಬಿ (ವಿಂಡೋಸ್ ಫೈಲ್ ಹಂಚಿಕೊಳ್ಳುವ ವಿಧಾನ) ಸೈನಿಂಗ್ ಕಡ್ಡಾಯ ಮಾಡಿವೆ. ಪ್ರತಿ ತುಣುಕಿಗೂ ಸಹಿ ಹಾಕಿ ಪರೀಕ್ಷಿಸಬೇಕು. ಹೊಸ ಪ್ರೊಸೆಸರಿಗೆ ಇದು ಲೆಕ್ಕಕ್ಕಿಲ್ಲ, ಹಳೇ ನಾಸ್‌ಗೆ ಭಾರ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವೂ ನಿಂತಿದೆ. ಮೊದಲು ನಾಸ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಅದರಲ್ಲಿ ಎಸ್‌ಎಂಬಿ 3 ಚಾಲೂ ಮಾಡಿ, ಹೆಸರು ಪಾಸ್‌ವರ್ಡ್ ಇರುವ ಖಾತೆ ಮಾಡಿಕೊಳ್ಳಿ. ಸೈನಿಂಗ್ ತೆಗೆಯುವುದು ಕೊನೆಯ ದಾರಿ.

ಎಸ್‌ಎಂಬಿ 1 ಚಾಲೂ ಮಾಡಿ ಅಂತ ಸಲಹೆ ಸಿಕ್ಕರೆ ಮಾತ್ರ ಖಂಡಿತ ಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಅದರ ಬಿರುಕಿನಿಂದಲೇ. ಅದು ನಿಧಾನವೂ ಹೌದು.

ಆಫೀಸ್ ಲ್ಯಾಪ್‌ಟಾಪಿನಿಂದ ಮನೆಯ ಕಂಪ್ಯೂಟರಿಗೆ ಕಳಿಸಿದ್ರೆ ಮಾತ್ರ ಆಗಲ್ಲ. ಯಾಕೆ?

ಬಹುಶಃ ಅದರಲ್ಲಿ ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ಸುರಕ್ಷಿತ ದಾರಿ) ಚಾಲೂ ಇದೆ. ಕೆಲವು ಕಂಪನಿಗಳ ವಿಪಿಎನ್ ಲ್ಯಾಪ್‌ಟಾಪಿನ ಎಲ್ಲ ಸಂಚಾರವನ್ನೂ ಆಫೀಸಿನ ಕಡೆ ತಿರುಗಿಸುತ್ತದೆ, ಮನೆಯ ನೆಟ್‌ವರ್ಕನ್ನು ಮುಚ್ಚಿಬಿಡುತ್ತದೆ. ಅದನ್ನು ತಪ್ಪಿಸುವ ದಾರಿ ಹುಡುಕಬೇಡಿ, ಆಫೀಸಿನ ಐಟಿಯವರನ್ನೇ ಕೇಳಿ.

ಜಂಬೊ ಫ್ರೇಮ್ ಹಾಕಿದ್ರೆ ವೇಗ ಜಾಸ್ತಿ ಆಗುತ್ತಂತೆ. ಹಾಕ್ಲಾ?

ಬೇಡ. ಫ್ರೇಮ್ ಅಂದರೆ ನೆಟ್‌ವರ್ಕ್ ಮೇಲೆ ಒಂದು ಸಲಕ್ಕೆ ಹೋಗುವ ತುಣುಕು, ಜಂಬೊ ಅಂದರೆ ಅದರ ದೊಡ್ಡ ಗಾತ್ರ. ಮಾಮೂಲಿ 1500 ಬೈಟಿನ ಫ್ರೇಮ್‌ನಲ್ಲೇ ಗಿಗಾಬಿಟ್‌ನ ಸುಮಾರು 95% ಫೈಲಿಗೆ ಸಿಗುತ್ತದೆ. 9000ಕ್ಕೆ ಏರಿಸಿದರೆ 99%. ಆ ನಾಲ್ಕು ಪ್ರತಿಶತಕ್ಕಾಗಿ ಎರಡೂ ಕಂಪ್ಯೂಟರ್, ಸ್ವಿಚ್, ನಾಸ್ ಎಲ್ಲವೂ ಒಂದೇ ಗಾತ್ರ ಒಪ್ಪಬೇಕು. ಒಂದು ಒಪ್ಪದಿದ್ದರೆ ಚಿಕ್ಕ ಫೈಲ್ ಹೋಗುತ್ತದೆ, ದೊಡ್ಡದು ಅಲ್ಲೇ ನಿಲ್ಲುತ್ತದೆ. ಆ ಲಕ್ಷಣದಿಂದ ಕಾರಣ ಹುಡುಕುವುದು ಬಹಳ ಕಷ್ಟ.

ಹಾಗಾದ್ರೆ 2.5 ಗಿಗಾಬಿಟ್‌ಗೆ ಹೋಗೋದು ಒಳ್ಳೇದಾ?

ಎರಡೂ ಕಡೆ ಎಸ್‌ಎಸ್‌ಡಿ ಇದ್ದರೆ ಮಾತ್ರ. 2.5 ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 280 ಮೆಗಾಬೈಟ್ ಹತ್ತಿರ ಸಿಗುತ್ತದೆ. ಲ್ಯಾಪ್‌ಟಾಪಿನ ತಿರುಗುವ ಡಿಸ್ಕ್ 80ರಿಂದ 120 ಕೊಟ್ಟರೇ ಹೆಚ್ಚು, ಅದಕ್ಕೆ ಗಿಗಾಬಿಟ್ ಸಾಕು. ಸಂತೋಷದ ವಿಷಯ ಅಂದರೆ ಗೋಡೆಯೊಳಗಿನ ಕ್ಯಾಟ್ 5ಇ ಕೇಬಲ್ ಒಳ್ಳೆಯದಾಗಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ವೀಡಿಯೊ ಎಡಿಟಿಂಗ್ ಮಾಡುವವರು, ವಾರಕ್ಕೆ ನೂರಾರು ಗಿಗಾಬೈಟ್ ನಾಸ್‌ಗೆ ಹಾಕುವವರು ಖಂಡಿತ ಹೋಗಿ. ಸ್ವಿಚ್ ಬದಲಿಸಿದರಷ್ಟೇ ಸಾಲದು, ಕಂಪ್ಯೂಟರ್ ಮತ್ತು ನಾಸ್ ಎರಡರ ಪೋರ್ಟೂ 2.5 ಇರಬೇಕು. ಕೊಳ್ಳುವ ಮೊದಲು ನಾಸ್ ಹಿಂದೆ ಬರೆದಿರುವುದನ್ನು ಒಮ್ಮೆ ಓದಿ ನೋಡಿ.